ತಕ್ಕಡಿಯಿಂದ ಇಳಿಸಿದ ಮೇಲಿನ ಒಂದು ಚಮಚ

೨೦೨೩ರಲ್ಲಿ ನನಗೆ ಹುದ್ದೆ ಎಂಬುದೇನೂ ಇರಲಿಲ್ಲ. ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಮೂವತ್ತೊಂದು ವರ್ಷ ಅಂಧೇರಿಯ ಒಂದು ಔಷಧ ಕಂಪನಿಯಲ್ಲಿ ಕಾಸ್ಟ್ ಅಕೌಂಟೆಂಟ್ ಆಗಿದ್ದೆ. ಒಂದು ಮಾತ್ರೆ ತಯಾರಾಗಿ ಅಂಗಡಿ ಸೇರುವಷ್ಟರಲ್ಲಿ ಎಷ್ಟು ಪೈಸೆ ಖರ್ಚಾಗುತ್ತದೆ ಎಂದು ಕೂಡಿಸಿ, ಬೆಲೆ ಎಷ್ಟಿರಬೇಕು ಎಂದು ಹೇಳುವ ಕೆಲಸ. ಈ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಇತ್ತು, ಸುಳ್ಳೇಕೆ ಹೇಳಲಿ. ಆ ಜಂಬ ಇಳಿಸಿದವಳು ಸಯನ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿರುವ ವನಜಾ.

ವನಜಾ ಉಡುಪಿ ಕಡೆಯವಳು. ಗಂಡ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಭಟ್ಟರಾಗಿದ್ದವರು, ಮಂಡಿನೋವಿನಿಂದ ಒಲೆಯ ಮುಂದೆ ನಿಲ್ಲಲಾಗದೆ ಮನೆ ಸೇರಿದ್ದರು. ಸಂಸಾರ ನಡೆಯಬೇಕಾದದ್ದು ಇವಳ ಸಾರಿನ ಪುಡಿ, ಸಾಂಬಾರ್ ಪುಡಿ, ಚಟ್ನಿಪುಡಿಯಿಂದ. ಚಾಳಿನ ಇಬ್ಬರು ಹೆಂಗಸರನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದಳು. ಊರೂರಿಗೆ ವರ್ಗವಾಗಿ ಹೋದ ಕನ್ನಡದ ಮನೆಗಳವರು ಫೋನಿನಲ್ಲಿ ಪುಡಿ ತರಿಸಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಮನೆಗೆ ಬಂದು, "ಅಕ್ಕಾ, ವರ್ಷದ ದುಡ್ಡು ಒಟ್ಟಿಗೆ ಕೊಡ್ತೇವೆ, ತಿಂಗಳು ತಿಂಗಳು ಕಳಿಸಿ ಅಂತಿದ್ದಾರೆ. ಎಷ್ಟು ಹೇಳುದು?" ಎಂದಳು.

ತಾನೇ ಒಂದು ಲೆಕ್ಕ ಮಾಡಿಕೊಂಡು ಬಂದಿದ್ದಳು. ತಿಂಗಳ ಮೂರು ಪ್ಯಾಕೆಟ್ಟಿಗೆ ಇನ್ನೂರ ಇಪ್ಪತ್ತು, ಹನ್ನೆರಡು ತಿಂಗಳಿಗೆ ೨,೬೪೦. ಅದಕ್ಕೆ ಕೊರಿಯರ್ ಅರವತ್ತು ಸೇರಿಸಿ ೨,೭೦೦.

"ಅಲ್ಲಾ ರೀ ವನಜಾ, ದುಡ್ಡು ಬರೋದು ಒಂದು ಸಲ, ಪಾರ್ಸೆಲ್ ಹೋಗೋದು ಹನ್ನೆರಡು ಸಲ. ಅರವತ್ತನ್ನೂ ಹನ್ನೆರಡು ಸಲ ಹಿಡೀಬೇಕು ತಾನೆ?"

ಅವಳು ನಾಲಿಗೆ ಕಚ್ಚಿಕೊಂಡಳು. ನಾನು ಬೀಗಿದೆ. ಕಾಗದ ಹರಡಿ ಕೂತು ಪೂರಾ ಲೆಕ್ಕ ಬರೆದೆ. ಕೊರಿಯರಿನವರು ತೂಕಕ್ಕೆ ದರ ಹಾಕುವುದು ಹಂತ ಹಂತವಾಗಿ. ಒಂದೊಂದು ಹಂತಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಐನೂರು ಗ್ರಾಂವರೆಗೆ ಅರವತ್ತು ರೂಪಾಯಿ. ಒಂದು ಗ್ರಾಂ ದಾಟಿದರೂ ಒಂದು ಕಿಲೋದ ದರ, ತೊಂಬತ್ತೈದು. ಪ್ಯಾಕೆಟ್ ಎಷ್ಟು ತೂಗುತ್ತದೆ ಎಂದು ಕೇಳಿದೆ. ಕವರ್ ಸಮೇತ ನೂರೈವತ್ತು ಎಂದಳು. ಮೂರಕ್ಕೆ ನಾನೂರೈವತ್ತು. ನೋಡಲು ಲಕ್ಷಣವಾಗಿರಲಿ ಎಂದು ಧಾರಾವಿಯಲ್ಲಿ ಹೆಸರು ಅಚ್ಚು ಹಾಕಿಸಿ ರಟ್ಟಿನ ಬಾಕ್ಸ್ ಮಾಡಿಸಲು ನಾನೇ ಹೇಳಿದೆ. ಅದು ನಲವತ್ತು ಗ್ರಾಂ. ಒಟ್ಟು ೪೯೦, ಐನೂರರ ಒಳಗೆ. ಸಾಮಾನು, ಕೂಲಿ, ಬಾಕ್ಸ್ ಎಲ್ಲ ಸೇರಿ ನೂರ ಎಂಬತ್ತು, ಕೊರಿಯರ್ ಅರವತ್ತು, ವನಜಾಳ ಕೈಗೆ ನಲವತ್ತು. ತಿಂಗಳಿಗೆ ೨೮೦, ವರ್ಷಕ್ಕೆ ೩,೩೬೦. ನೂರ ಎಂಬತ್ತು ಮನೆಗಳು ಮುಂಗಡ ಕಟ್ಟಿದವು. ಆ ದುಡ್ಡಿನಲ್ಲಿ ವನಜಾ ಪುಡಿ ಮಾಡುವ ಮೆಷಿನ್ ಕೊಂಡಳು, ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತುಂಬಿಸಿದಳು.

ಮೂರು ತಿಂಗಳ ನಂತರ ಮುಖ ಸಣ್ಣ ಮಾಡಿಕೊಂಡು ಬಂದಳು. ಕೈಯಲ್ಲಿ ಏನೂ ಉಳಿಯುತ್ತಿಲ್ಲ, ಇಬ್ಬರಲ್ಲಿ ಒಬ್ಬಳನ್ನು ಬಿಡಿಸಬೇಕಾಗುತ್ತದೋ ಏನೋ ಎಂದಳು. ಕೊರಿಯರ್ ಬಿಲ್ ನೋಡಿದೆ. ನೂರ ಎಂಬತ್ತು ಪಾರ್ಸೆಲ್ಲಿಗೂ ಒಂದು ಕಿಲೋ ದರ! ನನಗೆ ಮೈಯೆಲ್ಲ ಉರಿಯಿತು. ಹೆಂಗಸು ಅಂತ ಟೋಪಿ ಹಾಕಿದ್ದಾರೆ ಎಂದುಕೊಂಡು, ಕಟ್ಟಿಟ್ಟಿದ್ದ ಒಂದು ಪಾರ್ಸೆಲ್ ಹಿಡಿದು ಸೀದಾ ಅವರ ಕೌಂಟರಿಗೆ ಹೋದೆ.

ಅಲ್ಲಿದ್ದವರು ವಿಜಯಪುರದ ಕಡೆಯ ಒಬ್ಬ ಹಿರಿಯರು. ನಾನು ಹತ್ತು ನಿಮಿಷ ಕೂಗಾಡಿದೆ. ಅವರು ತಡೆಯದೆ ಕೇಳಿಸಿಕೊಂಡರು.

"ನನ್ ಕೂಡ ಯಾಕ್ ಜಗಳಾ ತೆಗೀತೀರಿ ಬಾಯಾರ? ನೀವ ನಿಮ್ಮ ಕೈಲೆ ಇಟ್ಟು ನೋಡ್ರಿ."

ಇಟ್ಟೆ. ೫೨೬ ಗ್ರಾಂ. ನಾಲ್ಕು ಜನರ ಮುಂದೆ ಎಲ್ಲಿ ಮುಖ ಇಟ್ಟುಕೊಳ್ಳಲಿ? ಕ್ಷಮಿಸಿ ಎಂದು ಹೇಳಿ ಹೊರಬಿದ್ದೆ.

ಚಾಳಿಗೆ ಹೋಗಿ, ಪ್ಯಾಕ್ ಮಾಡುವಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ವನಜಾ ಪ್ಯಾಕೆಟ್ಟನ್ನು ತಕ್ಕಡಿಯ ಮೇಲಿಟ್ಟು ಪುಡಿ ತುಂಬಿಸಿದಳು. ಸರಿಯಾಗಿ ನೂರೈವತ್ತು. ಕೆಳಗಿಳಿಸಿದಳು. ಆಮೇಲೆ ಡಬ್ಬಿಯಿಂದ ಇನ್ನೊಂದು ಚಮಚ ತುಂಬ ಪುಡಿ ತೆಗೆದು ಅದಕ್ಕೆ ಹಾಕಿ ಬಾಯಿ ಮುಚ್ಚಿದಳು. ಮುಂದಿನದಕ್ಕೂ ಹಾಗೆಯೇ.

"ರೀ! ಅದೇನ್ರೀ ಅದು?"

"ಎಂಥದ್ದು? ಕೊಸರು ಅಲ್ವಾ?"

ಮೊಳ ಹಾಕಿದ ಮೇಲೆ ಹೂವಿನವಳು ಬಿಡುವ ನಾಲ್ಕು ಬೆರಳು ಹೂವು, ತೂಗಿದ ಮೇಲೆ ತರಕಾರಿಯವನು ಎಸೆಯುವ ಎರಡು ಮೆಣಸಿನಕಾಯಿ, ಅದೇ ಕೊಸರು. ನನಗೆ ಗೊತ್ತಿಲ್ಲದ್ದೇನಲ್ಲ. ನಾನೇ ಪ್ರತಿದಿನ ಕೇಳಿ ತೆಗೆದುಕೊಳ್ಳುತ್ತೇನೆ. ಚಮಚಕ್ಕೆ ಹನ್ನೆರಡು ಗ್ರಾಂ, ಮೂರಕ್ಕೆ ಮೂವತ್ತಾರು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಮಾರುವ ತೂಕ. ಕೊಸರು ನಾನು ಮಾರುದಿಲ್ಲ."

ಅಲ್ಲೇ ಕೂತು ಲೆಕ್ಕ ಹಾಕಿದೆ. ವನಜಾಳ ಕೈಗೆಂದು ಇಟ್ಟಿದ್ದ ನಲವತ್ತು ರೂಪಾಯಿಯಲ್ಲಿ ಮೂವತ್ತೈದು ಕೊರಿಯರಿಗೆ, ಕೊಸರಿನ ಪುಡಿಗೆ ಎಂಟು. ಪ್ರತಿ ಪಾರ್ಸೆಲ್ಲಿಗೆ ಮೂರು ರೂಪಾಯಿ ಕೈಯಿಂದ ಹೋಗುತ್ತಿತ್ತು. ಇನ್ನೂ ಒಂಬತ್ತು ತಿಂಗಳು ಕಳಿಸಬೇಕು, ಮುಂಗಡ ಖರ್ಚಾಗಿ ಹೋಗಿದೆ. ನಿಲ್ಲಿಸಿದರೆ ಹಿಂತಿರುಗಿಸಲು ದುಡ್ಡಿಲ್ಲ, ನಡೆಸಿದರೆ ಸಂಸಾರಕ್ಕೆ ಕಾಸಿಲ್ಲ. ಕೊಸರು ನಿಲ್ಲಿಸಿ ಎಂದೆ. ಆಗುವುದಿಲ್ಲ ಎಂದಳು. ಹಾಗಾದರೆ ಗಿರಾಕಿಗಳ ಹತ್ತಿರ ಹೆಚ್ಚಿನ ಕೊರಿಯರ್ ದರ ಕೇಳಿ ಎಂದೆ. ಅದಂತೂ ಆಗುವುದೇ ಇಲ್ಲ ಎಂದಳು.

"ವರ್ಷಕ್ಕೆ ಇಷ್ಟು ಅಂತ ಹೇಳಿ ತಗೊಂಡದ್ದು ಅಕ್ಕಾ. ನಡುವಿನಲ್ಲಿ ಪುನಃ ಕೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ. ಬೇಕಾದ್ರೆ ಬಳೆ ಅಡವು ಇಡ್ತೇನೆ."

ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಏನು ಹಟಮಾರಿ ಹೆಂಗಸಪ್ಪ ಇವಳು! ಬೆಲೆ ಕಟ್ಟಿದವಳು ನಾನು, ಬಳೆ ಬಿಚ್ಚುವವಳು ಅವಳು. ಮನೆಗೆ ಬಂದು ಲೆಕ್ಕದ ಹಾಳೆ ಮತ್ತೆ ತೆಗೆದೆ. ಔಷಧ ಕಂಪನಿಯಲ್ಲಿ ಖರ್ಚು ಹೆಚ್ಚಾದಾಗ ನಾವು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದೆವು. ಮೆಣಸಿನಕಾಯಿ ಇಲ್ಲದೆ ಆಗದು. ಕೂಲಿ ಇಲ್ಲದೆ ಆಗದು. ಕೊಸರು ಬಿಡುವವಳಲ್ಲ. ಬೆರಳು ಬಾಕ್ಸಿನ ಮೇಲೆ ಬಂದು ನಿಂತಿತು. ಪುಡಿಗೆ ಬಾಕ್ಸ್ ಯಾಕೆ? ಬಿದ್ದು ಒಡೆಯುವ ಗಾಜಿನ ಸಾಮಾನೇ ಅದು? ಮೂವತ್ತಾರು ಗ್ರಾಂ ಕೊಸರಿನ ಮೇಲೆ ರೇಗಾಡಿದ ನಾನೇ ನಲವತ್ತು ಗ್ರಾಂ ರಟ್ಟು ಅದರ ಮೇಲೆ ಹೇರಿದ್ದೆ. ಅದೂ ಚಂದಕ್ಕೆ!

ಮರುದಿನ ಸಯನ್ ಸ್ಟೇಷನ್ ಪಕ್ಕದ ಅಂಗಡಿಯಿಂದ ಗಟ್ಟಿ ಪ್ಲಾಸ್ಟಿಕ್ಕಿನ ಕೊರಿಯರ್ ಕವರ್ ತಂದೆ. ಹತ್ತು ಗ್ರಾಂ. ಪುಡಿ ನಾನೂರೈವತ್ತು, ಕೊಸರು ಮೂವತ್ತಾರು, ಕವರ್ ಹತ್ತು: ೪೯೬. ಕವರು ಬಾಕ್ಸಿಗಿಂತ ಆರು ರೂಪಾಯಿ ಅಗ್ಗವೂ ಆದದ್ದರಿಂದ ಕೊಸರಿನ ಖರ್ಚು ಬಹುಪಾಲು ಅಲ್ಲೇ ಹೊಂದಿಕೊಂಡಿತು. ಮೊದಲ ಕವರನ್ನು ಅದೇ ಕೌಂಟರಿಗೆ ಒಯ್ದು ತೂಗಿಸಿದೆವು. ವಿಜಯಪುರದವರು, "ಈಗ ಅರವತ್ತ ರೂಪಾಯಿ ಕೊಡ್ರಿ" ಎಂದು ನಕ್ಕರು. ವನಜಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದ ಬಾಕ್ಸುಗಳನ್ನು ನಾನೇ ಕೊಂಡು ಮನೆಯ ಅಟ್ಟಕ್ಕೆ ತುಂಬಿಸಿದೆ.

ಹನ್ನೆರಡನೆಯ ಪಾರ್ಸೆಲ್ಲೂ ಹೇಳಿದ ದಿನಕ್ಕೆ ಹೋಯಿತು. ಬಳೆ ಕೈಯಲ್ಲೇ ಉಳಿಯಿತು. ನೂರ ಎಂಬತ್ತು ಮನೆಗಳಲ್ಲಿ ನೂರ ಅರವತ್ತೊಂದು ಮತ್ತೆ ವರ್ಷದ ದುಡ್ಡು ಕಟ್ಟಿದವು, ಹೊಸದಾಗಿ ಐವತ್ತು ಸೇರಿದವು, ಕೆಲಸಕ್ಕೆ ಮೂರನೆಯವಳು ಬಂದಳು. ಬೆಲೆ ನಿಗದಿ ಮಾಡುವವರು ಕಾಗದದ ಮುಂದೆ ಕೂರುವ ಮೊದಲು ಪ್ಯಾಕೆಟ್ ಕಟ್ಟುವವರ ಪಕ್ಕದಲ್ಲಿ ಒಂದು ದಿನ ಕೂರಬೇಕು. ಮಾರುವುದೆಷ್ಟು ಎಂದಷ್ಟೇ ಕೇಳಿದರೆ ಸಾಲದು, ಸುಮ್ಮನೆ ಕೊಡುವುದೆಷ್ಟು ಎಂದೂ ಕೇಳಬೇಕು. ಮೂವತ್ತೊಂದು ವರ್ಷದಲ್ಲಿ ಕಲಿಯದ ಇದನ್ನು ಆ ಸ್ಟೂಲಿನ ಮೇಲೆ ಕಲಿತೆ.

ಎರಡನೆಯ ವರ್ಷಕ್ಕೆ ನಾನೂ ಚಂದಾ ಕಟ್ಟಿದೆ. ಮೊದಲ ಕವರ್ ಬಂದ ದಿನ ಹಾಳು ಅಭ್ಯಾಸ ಬಿಡಬೇಕಲ್ಲ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ೫೩೨! ತಕ್ಷಣ ಫೋನ್ ಮಾಡಿದೆ.

"ವನಜಾ, ನಿಮಗೆ ಬುದ್ಧಿ ಬರೋದೇ ಇಲ್ವಾ? ಮತ್ತೆ ಐನೂರು ದಾಟಿಸಿದ್ದೀರಲ್ಲ!"

"ನಿಮ್ಮದು ಕೊರಿಯರಲ್ಲಿ ಬಂದದ್ದಲ್ಲ ಅಕ್ಕಾ, ನಾನೇ ನಡ್ಕೊಂಡು ಬಂದು ವಾಚ್‌ಮನ್ ಕೈಯಲ್ಲಿ ಕೊಟ್ಟದ್ದು. ನನಗೆ ಎಂಥ ಸ್ಲ್ಯಾಬು?"