ಪಲ್ಪರ್ ಪಕ್ಕದ ಕುದುರೆ ಮರಿ

ನನ್ನ ವಾರಗಿತ್ತಿಯ ಕುದುರೆ ಮರಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮರಿಯದೇನೂ ತಪ್ಪಿರಲಿಲ್ಲ. ಅದು ಅವಳದು, ಅಷ್ಟು ಸಾಕಾಗಿತ್ತು.

ಮಲ್ಲಂದೂರಿನ ನಮ್ಮ ತೋಟ ಪಾಲಾದಾಗ ಮಾವನವರು ಸಾಕಿದ್ದ ಎರಡು ಹೆಣ್ಣು ಕುದುರೆಗಳೂ ಪಾಲಾದವು. ಒಂದು ನಮಗೆ, ಒಂದು ಮೈದುನನ ಮನೆಗೆ. ಪಲ್ಪರ್ ಮನೆ, ಕಾಫಿ ಒಣಗಿಸುವ ಕಣ ಎರಡೂ ಅವಳ ಕಡೆಗೇ ಹೋದವು. ಕುದುರೆಗಳು ಒಂದೇ ಮಳೆಗಾಲದಲ್ಲಿ ಮರಿ ಹಾಕಿದವು. ಸವಾರಿ ಕಲಿಸುವ ಶಾಲೆಯವರೊಬ್ಬರು ಪ್ರತಿ ವರ್ಷ ಮೈಸೂರಿನಿಂದ ಕೊಯ್ಲಿನ ಹೊತ್ತಿಗೆ ಬಂದು ಎಳೆ ಕುದುರೆ ನೋಡುತ್ತಾರೆ. ಒಯ್ಯುವುದು ಒಂದನ್ನೇ. ಆ ಒಂದು ನನ್ನದಾಗಬೇಕೆಂದು ಹಟ ಹಿಡಿದೆ. ಅವಳು ಮದುವೆಯಾಗಿ ಬಂದಾಗಿನಿಂದ ಈ ಮನೆತನದಲ್ಲಿ ಎಲ್ಲರ ಬಾಯಲ್ಲೂ ಅವಳ ಅಕ್ಕಿರೊಟ್ಟಿ ಮೆತ್ತಗೆ, ಅವಳ ಮಾತು ಮೆತ್ತಗೆ. ಕುದುರೆಯ ವಿಷಯದಲ್ಲಾದರೂ ಅವಳು ಹಿಂದೆ ಬೀಳಲಿ.

ನಾನು ಕೈ ಬಿಚ್ಚಿ ಖರ್ಚು ಮಾಡಿದೆ. ಬೇಯಿಸಿದ ಹುರುಳಿ, ಪೇಟೆಯಿಂದ ತರಿಸಿದ ಓಟ್ಸ್, ಮೈ ಹೊಳೆಯಲೆಂದು ಅಗಸೆ ಎಣ್ಣೆ. ಬಿಸಿಲಿಗೆ ಬಣ್ಣ ಮಾಸಬಾರದೆಂದು ಮನೆಯ ಹಿಂದೆ, ಸದ್ದುಗದ್ದಲವಿಲ್ಲದ ಕಡೆ ಹೊಸ ಲಾಯ. ತಿಕ್ಕಿ ತೊಳೆಯಲು ಒಬ್ಬ ಆಳು. ಗೊಬ್ಬರಕ್ಕೆ ಇಟ್ಟಿದ್ದ ದುಡ್ಡೆಲ್ಲ ಮರಿಯ ಹೊಟ್ಟೆಗೆ ಹೋಯಿತೆಂದು ಯಜಮಾನರು ಗೊಣಗಿದರು. ಕಾಫಿ ಮಾರಿ ಬದುಕಿದವಳು ನಾನು. ಬಣ್ಣ, ತೂಕ ಚೆನ್ನಾಗಿದ್ದರೆ ಮಾಲು ಹೋಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ತನ್ನ ಮರಿಯನ್ನು ಪಲ್ಪರಿನ ಪಕ್ಕದಲ್ಲೇ ಕಟ್ಟಿದ್ದಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಸಂಜೆಯಾದರೆ ಗುಡ್ಡ ನಡುಗುವ ಹಾಗೆ ಅರಚುತ್ತದೆ. ಆ ಗದ್ದಲದಲ್ಲೇ ಅವಳು ಮರಿಯ ಒಂದೊಂದೇ ಕಾಲೆತ್ತಿ ಗೊರಸಿನ ಮಣ್ಣು ಕೆರೆಯುತ್ತ ಅದರೊಡನೆ ಏನೋ ಮಾತಾಡುತ್ತಿದ್ದಳು. ನಾನು ಮೆಣಸಿನ ಬಳ್ಳಿಯ ಮರೆಯಿಂದ ನೋಡುತ್ತಿದ್ದೆ.

"ಪಾಪದ ಮರಿ, ಕಿವಿ ಹೋಗ್ತದೆ ಮಾರಾಯ್ತಿ," ಎಂದೆ ಒಮ್ಮೆ.

"ಅದಕ್ಕೆ ಅಭ್ಯಾಸ ಆಗಿದೆ ಅಕ್ಕಾ," ಎಂದಳು. ಅದೂ ಮೆತ್ತಗೆ.

ಮರಿಗಳಿಗೆ ಎರಡು ತುಂಬಿದ ವರ್ಷ ಮೈಸೂರಿನವರು ಬಂದರು. ಎರಡನ್ನೂ ಕಣಕ್ಕೆ ತಂದೆವು. ನನ್ನದು ಎಣ್ಣೆ ಹಚ್ಚಿದ ಬೀಟೆ ಮರದ ಹಾಗೆ ಹೊಳೆಯುತ್ತಿತ್ತು. ಅವಳದರ ಹೊಟ್ಟೆಗೆಲ್ಲ ಕೆಸರು ಮೆತ್ತಿತ್ತು.

"ಚಂದ ಸಾಕಿದೀರಿ ಅಮ್ಮಾ," ಎಂದರು ನನಗೆ. ಓರೆಗಣ್ಣಿನಲ್ಲಿ ಅವಳ ಮುಖ ನೋಡಿದೆ. ಆಮೇಲೆ ಅವರು, "ಆ ಪಲ್ಪರ್ ಸ್ವಲ್ಪ ಹಾಕಿಸಿ. ನಮ್ಮ ಶಾಲೆ ಗೇಟಿನಾಚೆ ಬಸ್ಸು, ಲಾರಿ. ಮೇಲೆ ಕೂರೋದು ಮಕ್ಕಳು," ಎಂದರು.

ಯಂತ್ರ ಅರಚಿದ್ದೇ ತಡ, ನನ್ನ ಮರಿ ಆಳಿನ ಕೈಯಿಂದ ಹಗ್ಗ ಕಿತ್ತುಕೊಂಡು, ಹರವಿದ್ದ ಕಾಫಿಯನ್ನೆಲ್ಲ ತುಳಿದು, ಚರಂಡಿಯಲ್ಲಿ ನಿಂತು ನಡುಗಿತು. ಅವಳದು ಒಂದು ಕಿವಿ ಆಡಿಸಿ ಹುಲ್ಲು ಅಗಿಯಿತು. ಅವರು ಬಗ್ಗಿ ಮುಟ್ಟಿದರೆ, ಬಳೆಗಾರನಿಗೆ ಕೈ ಕೊಟ್ಟ ಹಾಗೆ ಕಾಲು ಕೊಟ್ಟಿತು.

ಅವಳ ಮರಿ ವ್ಯಾನು ಹತ್ತಿತು. ತಿರುವು ದಾಟುವವರೆಗೂ ಅವಳಿಗಾಗಿ ಕೂಗಿತು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಗೆಲುವೂ ಅವಳಿಗೆ, ಅಳುವೂ ಅವಳಿಗೆ.

"ಸದ್ದಿಗೆ ಒಗ್ಗಿಸಿಡಿ, ಮುಂದಿನ ವರ್ಷ ನೋಡೋಣ," ಎಂದು ಮೈಸೂರಿನವರು ನನಗೆ ಹೇಳಿ ಹೋಗಿದ್ದರು. ಮಾರನೆಯ ಬೆಳಿಗ್ಗೆ ಅವಳೇ ಬಂದಳು.

"ಅಕ್ಕಾ, ಪಲ್ಪರ್ ಹತ್ರ ಜಾಗ ಖಾಲಿ ಇದೆ. ನಿಮ್ಮದನ್ನ ಅಲ್ಲಿ ಕಟ್ಟಿ. ನಾನು ನೋಡ್ಕೊಳ್ತೇನೆ."

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಮರಿ ಮಾರಾಟವಾಗಬೇಕಿತ್ತು. ಕಳಿಸಿದೆ.

ಮುಂದಿನ ಕೊಯ್ಲಿಗೆ ಅದು ಮಾರಾಟವಾಯಿತು, ಒಳ್ಳೆಯ ಬೆಲೆಗೇ. ವ್ಯಾನು ಹೊರಡುವಾಗ ಬೇಕೆಂದೇ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಮರಿ ನನ್ನ ತಲೆಯ ಮೇಲಿಂದ ಕತ್ತು ಚಾಚಿ, ಹಿಂದೆ ನಿಂತಿದ್ದ ಅವಳನ್ನು ನೋಡಿ ಕೂಗಿತು.