ಮುರುಗೇಶಣ್ಣ ಕೆತ್ತಿದ ಮೆದುಳು

ಇಪ್ಪತ್ತಾರು ವರ್ಷ ಹೈಸ್ಕೂಲು ಮಕ್ಕಳಿಗೆ ಮೆದುಳಿನ ಪಾಠ ಮಾಡಿದ ನಾನು ಮನುಷ್ಯರ ಮೆದುಳನ್ನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ, ನಮ್ಮ ಮೇಷ್ಟ್ರ ತಲೆಯಲ್ಲೂ ಅದು ಇದೆಯೋ ಇಲ್ಲವೋ ಎಂದು ಹಿಂದಿನ ಬೆಂಚಿನಲ್ಲಿ ಚರ್ಚೆ ಶುರುವಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ್ದು ಭದ್ರಾವತಿಯ ಒಂದು ಶಾಲೆಗೆ. ಕಾರ್ಖಾನೆಯ ಸೈರನ್ ಕೂಗಿದರೆ ಊರಿಡೀ ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲ ಅದು. ಶಿಫ್ಟ್ ಬಿಟ್ಟಾಗ ಸೈಕಲ್ಲುಗಳು ರಸ್ತೆ ತುಂಬಿ ಹರಿಯುತ್ತಿದ್ದವು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳುತ್ತಿದ್ದವು, ಜಗಳವಾದರೆ ನಾಲ್ಕೂ ಒಟ್ಟಿಗೆ ಕೇಳುತ್ತಿದ್ದವು. ನಮ್ಮ ಪ್ರಯೋಗಾಲಯದಲ್ಲಿದ್ದದ್ದು ಒಂದು ಕಪಾಟು, ಒಡೆದ ಎರಡು ಬೀಕರು ಮತ್ತು ಬಾಟಲಿಯಲ್ಲಿ ಬಣ್ಣಗೆಟ್ಟ ಒಂದು ಕಪ್ಪೆ. ಮೆದುಳಿಗೆ ನಾನು ಸಂತೆಯಿಂದ ಹೂಕೋಸು ತಂದು ತೋರಿಸುತ್ತಿದ್ದೆ. ಪಾಠ ಮುಗಿಯುವ ಹೊತ್ತಿಗೆ ಮುಮ್ಮೆದುಳಿನ ಅರ್ಧ ಭಾಗ ಮಕ್ಕಳ ಹೊಟ್ಟೆ ಸೇರಿರುತ್ತಿತ್ತು.

ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಮುರುಗೇಶಣ್ಣ ಇದ್ದರು. ಕಾರ್ಖಾನೆಯಲ್ಲಿ ಅವರದು ಪ್ಯಾಟರ್ನ್ ಮಾಡುವ ಕೆಲಸ. ಕಬ್ಬಿಣದ ಯಾವ ಭಾಗವನ್ನು ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಒಂದು ದಿನ ನನ್ನ ಚೀಲದಲ್ಲಿ ಹೂಕೋಸು ಕಂಡು, ಪಲ್ಯಕ್ಕಾ ಎಂದು ಕೇಳಿದರು. ಪಾಠಕ್ಕೆ ಎಂದೆ. ಅವರಿಗೆ ನನ್ನ ಮೇಲೆ ಮರುಕ ಹುಟ್ಟಿತು.

“ಪುಸ್ತಕದ ಚಿತ್ರ ಕೊಡಿ ಮೇಷ್ಟ್ರೆ. ಮುಂದೆ, ಹಿಂದೆ, ಪಕ್ಕ, ಮೂರೂ ಕಡೇದು ಬೇಕು. ಹಲಸಿನ ತುಂಡೊಂದು ಮನೇಲಿದೆ,” ಎಂದರು.

ಮುಂದಿನ ಆರು ಭಾನುವಾರ ನಾನು ಅವರ ಹಿತ್ತಲಿನಲ್ಲಿ ಮೆಟ್ಟಿಲ ಮೇಲೆ ಕೂತು ಪಾಠ ಓದಿ ಹೇಳಿದೆ, ಅವರು ಉಳಿ ಹಿಡಿದು ಕೇಳಿದರು. ಅವರ ಹೆಂಡತಿ ಅಂಜಲೈ ಅಕ್ಕ ನಡುನಡುವೆ ಕಾಫಿ ತಂದುಕೊಟ್ಟು, ಹಲಸಿನ ಚಕ್ಕೆಗಳನ್ನು ಒಲೆಗೆ ಗುಡಿಸಿಕೊಂಡು ಹೋಗುತ್ತಿದ್ದರು. ಮುರುಗೇಶಣ್ಣನಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಮತ್ತೆ ಸಿಗಲಿಲ್ಲ. ಮುಮ್ಮೆದುಳಿನ ಮೇಲ್ಪದರ ಯಾಕೆ ಸುಕ್ಕುಗಟ್ಟಿದೆ ಎಂದು ಬಿ.ಎಡ್. ಓದುವಾಗ ನನಗೆ ತಿಳಿಯದೆ ಬಾಯಿಪಾಠ ಮಾಡಿದ್ದೆ. ಮುರುಗೇಶಣ್ಣ ಚಿತ್ರವನ್ನು ಒಂದು ಸಲ ನೋಡಿ, “ದೊಡ್ಡ ಟವೆಲ್ಲನ್ನ ಸಣ್ಣ ಡಬ್ಬಿಗೆ ತುಂಬಿದ್ರೆ ಸುಕ್ಕಾಗಲ್ವಾ,” ಎಂದರು. ವಿಷಯ ಅಷ್ಟೇ. ಜಾಗ ಸಣ್ಣದು, ಯೋಚನೆ ಮಾಡುವ ಪದರ ದೊಡ್ಡದು.

ಹಿಂದೆ ಕೆಳಗಿರುವ ಅನುಮಸ್ತಿಷ್ಕ ತೂಕ ತಪ್ಪದಂತೆ ನಮ್ಮನ್ನು ನಡೆಸುತ್ತದೆ, ಕುಡಿದವನ ಕಾಲು ಅಡ್ಡಾದಿಡ್ಡಿ ಬೀಳುವುದಕ್ಕೆ ಅದು ಮಂಕಾಗುವುದೂ ಕಾರಣ ಎಂದೆ. ಸಂಬಳದ ದಿನ ಕಾರ್ಖಾನೆಯ ತಮ್ಮ ಶಾಪಿನಲ್ಲಿ ಯಾರ್ಯಾರ ಅನುಮಸ್ತಿಷ್ಕ ಮಂಕಾಗುತ್ತದೆ ಎಂದು ಅವರು ಹೆಸರು ಹಿಡಿದು ಹೇಳಿದರು. ಅದರ ಕೆಳಗಿನ ಮಣಿಶಿರ ಉಸಿರಾಟವನ್ನೂ ಎದೆಬಡಿತವನ್ನೂ ನೋಡಿಕೊಳ್ಳುತ್ತದೆ, ನಿದ್ದೆಯಲ್ಲೂ ರಜೆ ಇಲ್ಲ ಎಂದಾಗ ಅವರು ಉಳಿ ಕೆಳಗಿಟ್ಟು, “ಹಾಗಾದ್ರೆ ಅದು ನಮ್ಮ ಫರ್ನೇಸ್ ಇದ್ದಂಗೆ. ಊರು ಮಲಗಿದ್ರೂ ಆರೋ ಹಾಗಿಲ್ಲ,” ಎಂದರು. ಮಾರನೆಯ ದಿನ ಇದೇ ಮಾತನ್ನು ನನ್ನದೇ ಎಂಬಂತೆ ತರಗತಿಯಲ್ಲಿ ಹೇಳಿ ಮೆಚ್ಚುಗೆ ಗಳಿಸಿದೆ.

ಮೆದುಳು ಸಿದ್ಧವಾಯಿತು. ಬಿಚ್ಚಿ ಜೋಡಿಸಬಹುದಾದ ಆರು ತುಂಡು, ಒಳಗೆ ಸಣ್ಣ ಮರದ ಗೂಟಗಳು, ಉಳಿದಿದ್ದ ಆಯಿಲ್ ಪೇಂಟಿನ ಬಣ್ಣ. ಚಿತ್ರದ ಅಳತೆಗಿಂತ ಒಂದಿಷ್ಟು ದೊಡ್ಡದಾಗಿತ್ತು. ಯಾಕೆ ಎಂದರೆ ನಾಚಿಕೊಂಡರು. ಕಬ್ಬಿಣ ಆರಿದ ಮೇಲೆ ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಯಾವಾಗಲೂ ಸ್ವಲ್ಪ ದೊಡ್ಡದಾಗಿ ಮಾಡುವುದು ರೂಢಿ, ಕೈ ತಾನಾಗಿ ಹಾಗೇ ಮಾಡಿಬಿಟ್ಟಿತ್ತು. ಮನುಷ್ಯರ ಮೆದುಳೂ ವಯಸ್ಸಾದಂತೆ ಕುಗ್ಗುತ್ತದೆ, ಆದ್ದರಿಂದ ನೀವು ಮಾಡಿದ್ದೇ ಸರಿ ಎಂದು ನಾನು ಸಮಾಧಾನ ಹೇಳಿದೆ.

ಆ ಮೆದುಳಿನ ಎಡಗಡೆ, ಹಣೆಯ ಪಕ್ಕದ ಒಂದು ಜಾಗದಲ್ಲಿ ಬಣ್ಣ ಎಲ್ಲಕ್ಕಿಂತ ಮೊದಲು ಸವೆಯಿತು. ಕೋಲಿನಿಂದ ಕುಟ್ಟಿ, “ಮಾತು ಹುಟ್ಟುವುದು ಇಲ್ಲಿ, ಬರೆದುಕೊಳ್ಳಿ,” ಎಂದು ವರ್ಷವರ್ಷವೂ ಹೇಳಿದ್ದರ ಫಲ. ನಿವೃತ್ತಿಯ ದಿನ ಕಪಾಟಿನ ಬೀಗದ ಕೈಯ ಜೊತೆ ಅದನ್ನು ಹೊಸ ಮೇಡಂ ಅವರಿಗೆ ಒಪ್ಪಿಸಿ ಶಿವಮೊಗ್ಗದ ವಿನೋಬನಗರಕ್ಕೆ ಬಂದೆ. ಮುರುಗೇಶಣ್ಣ ಅಷ್ಟು ಹೊತ್ತಿಗೆ ನಿವೃತ್ತರಾಗಿ ಭದ್ರಾವತಿಯಲ್ಲೇ ನ್ಯೂಟೌನಿನ ಹತ್ತಿರ ಪುಟ್ಟ ಮನೆ ಮಾಡಿಕೊಂಡಿದ್ದರು.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಜಲೈ ಅಕ್ಕ ಫೋನ್ ಮಾಡಿದರು. ಗಡ್ಡ ಮಾಡಿಕೊಳ್ಳುತ್ತಿದ್ದವರ ಬಲಗೈಯಿಂದ ರೇಜರ್ ಜಾರಿ ಬಿದ್ದಿತಂತೆ. ಎತ್ತಿಕೊಡು ಎನ್ನಲು ಬಾಯಿ ತೆರೆದರೆ ಮಾತು ಬರಲಿಲ್ಲವಂತೆ. ಶಿವಮೊಗ್ಗಕ್ಕೆ ಕರೆತರುತ್ತಿದ್ದೇವೆ ಎಂದರು. ಆಸ್ಪತ್ರೆಗೆ ಓಡಿದೆ. ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಯುವವರೆಗೆ ನಾನೂ ಅಂಜಲೈ ಅಕ್ಕನೂ ಬೆಂಚಿನ ಮೇಲೆ ಕೂತಿದ್ದೆವು. ಆಮೇಲೆ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ರಕ್ತ ಹರಿಯದೆ ಪೆಟ್ಟಾದ ಜಾಗವನ್ನು ಪೆನ್ನಿನಿಂದ ತೋರಿಸಿದರು. ಎಡಗಡೆ, ಹಣೆಯ ಪಕ್ಕ. ನಾನು ವರ್ಷವರ್ಷವೂ ಕೋಲಿನಿಂದ ಕುಟ್ಟಿದ್ದ ಜಾಗ. ಕಾರಣವಿಲ್ಲದೆ ನನಗೆ ತಪ್ಪು ಮಾಡಿದಂತೆ ಅನ್ನಿಸಿತು.

ಮುರುಗೇಶಣ್ಣನಿಗೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದ್ದು ಅವರ ಕಣ್ಣಿನವರೆಗೆ ಬಂದು ನಿಲ್ಲುತ್ತಿತ್ತು. ಮೂರನೆಯ ದಿನ ನರ್ಸ್ ಸೂಜಿ ಚುಚ್ಚಿದಾಗ ಮಾತ್ರ, ಇಲ್ಲಿ ಬರೆಯಬಾರದ ಒಂದು ತಮಿಳು ಬೈಗುಳ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಅವರ ಬಾಯಿಂದ ಬಂತು. ನರ್ಸ್ ಬೆಚ್ಚಿದರು. ಅಂಜಲೈ ಅಕ್ಕ ಕೈ ಮುಗಿದು, “ಮಾತು ಬಂತು ಮೇಷ್ಟ್ರೆ,” ಎಂದು ಅತ್ತರು. ಬೈಗುಳ, ಹಾಡು, ಒಂದು ಎರಡು ಮೂರು ಎಂಬ ಎಣಿಕೆ, ಇಂಥ ಬಾಯಿಗೆ ಅಂಟಿದ ಮಾತುಗಳಿಗೆ ಮೆದುಳಿನಲ್ಲಿ ಬೇರೆ ದಾರಿಯೂ ಇರುತ್ತದೆ, ಯೋಚಿಸಿ ಆಡುವ ಮಾತೇ ಕಷ್ಟ ಎಂದು ವಿವರಿಸಲು ಹೊರಟೆ. ಅವರ ಮುಖ ನೋಡಿ ಜೀವನದಲ್ಲಿ ಮೊದಲ ಸಲ ಪಾಠವನ್ನು ಅರ್ಧಕ್ಕೆ ನಿಲ್ಲಿಸಿದೆ.

ಮಾತು ಕಲಿಸಲು ಹೊಳಲೂರಿನ ಸಂಧ್ಯಾ ಎಂಬ ಹುಡುಗಿ ಬರುತ್ತಿದ್ದಳು. ಪೆಟ್ಟು ತಿಂದ ಜಾಗದ ಕೆಲಸವನ್ನು ಅಕ್ಕಪಕ್ಕದ ಭಾಗಗಳು ಸ್ವಲ್ಪಸ್ವಲ್ಪವಾಗಿ ಕಲಿಯುತ್ತವೆ, ಆದರೆ ಬಿಡದೆ ಕಲಿಸಬೇಕು ಎನ್ನುತ್ತಿದ್ದಳು. ಲೋಟ, ಬಾಚಣಿಗೆ, ಬಾಳೆಹಣ್ಣಿನ ಚಿತ್ರ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದಳು. ಮುರುಗೇಶಣ್ಣ ಬೆವರಿ, ಸೋತು, ಗೋಡೆಯ ಕಡೆ ತಿರುಗುತ್ತಿದ್ದರು. ಒಂದು ದಿನ ಅವಳು ಚಿತ್ರಗಳನ್ನು ಪಕ್ಕಕ್ಕಿಟ್ಟು ಅಂಜಲೈ ಅಕ್ಕನನ್ನು ತೋರಿಸಿದಳು.

“ತಾತ, ಇವರ ಹೆಸರೇನು ಹೇಳಿ.”

“ಅದು ಬೇಡಮ್ಮ, ಬಾಚಣಿಗೇನೇ ಕೇಳು,” ಎಂದರು ಅಂಜಲೈ ಅಕ್ಕ. “ಚೆನ್ನಾಗಿದ್ದಾಗ್ಲೂ ನನ್ನ ಹೆಸರು ಹಿಡಿದು ಕರೆದೋರಲ್ಲ. ನಲವತ್ತು ವರ್ಷದಿಂದ ‘ಇಲ್ನೋಡು’ ಅಂತಾನೇ ಕರೀತಾರೆ.”

ಮುರುಗೇಶಣ್ಣ ಹೆಂಡತಿಯನ್ನೇ ನೋಡುತ್ತಿದ್ದರು. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. “ಅಂ... ಜ... ಲೈ,” ಎಂದರು.

ಅಂಜಲೈ ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತರು. ಸಂಧ್ಯಾ ಯಾಕೋ ತನ್ನ ಚಿತ್ರಗಳನ್ನು ಮೂರು ಸಲ ಜೋಡಿಸಿದಳು.

ಅದಾದ ಮೇಲೆ ಎಷ್ಟೋ ತಿಂಗಳು ಮುರುಗೇಶಣ್ಣನಿಗೆ ಇದ್ದದ್ದು ಅದೊಂದೇ ಮಾತು. ಮನೆಗೆ ಹೋದ ಮೇಲೆ ನೀರು ಬೇಕಾದರೂ ಅಂಜಲೈ, ಫ್ಯಾನ್ ಆರಿಸಬೇಕಾದರೂ ಅಂಜಲೈ, ಬೆನ್ನು ತುರಿಸಿದರೂ ಅಂಜಲೈ. ರಾಗ ಮಾತ್ರ ಬೇರೆ ಬೇರೆ. ಒಮ್ಮೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮುಖ ಅರಳಿಸಿ ನನ್ನನ್ನೂ “ಅಂಜಲೈ” ಎಂದು ಕರೆದರು. “ಬನ್ನಿ ಮೇಷ್ಟ್ರೆ, ಇವತ್ತು ನೀವೂ ಅಂಜಲೈ,” ಎಂದು ಅಕ್ಕ ನಕ್ಕರು. ಅಕ್ಕನನ್ನು ಅಷ್ಟು ಲವಲವಿಕೆಯಲ್ಲಿ ನಾನು ಭಾನುವಾರದ ಹಿತ್ತಲಿನ ದಿನಗಳಲ್ಲೂ ಕಂಡಿರಲಿಲ್ಲ.

ಬಿಡದೆ ಕಲಿಸಿದ್ದು ವ್ಯರ್ಥವಾಗಲಿಲ್ಲ. ಒಂದೊಂದೇ ಮಾತು ಬಂತು. ಕಳೆದ ತಿಂಗಳು ಹೋದಾಗ, ಬಾಗಿಲಲ್ಲೇ ಕೂತಿದ್ದವರು ನಿಧಾನವಾಗಿ, “ಮೇಷ್ಟ್ರೆ, ಬನ್ನಿ. ಬಿಸಿಲು,” ಎಂದರು. ನನಗೆ ಕಣ್ಣು ತುಂಬಿ ಬಂತು. ಅಡುಗೆಮನೆಗೆ ಹೋಗಿ ಅಕ್ಕನಿಗೆ ಸಂತೋಷ ಹೇಳಿಕೊಂಡೆ. ಅವರು ಕಾಫಿ ಸೋಸುತ್ತ, ತಲೆ ಎತ್ತದೆ ಹೇಳಿದರು:

“ಸಂತೋಷಾನೇ ಮೇಷ್ಟ್ರೆ. ದೇವರು ದೊಡ್ಡೋನು. ಆದ್ರೆ ಈಗ ನೀರು ಬೇಕಾದ್ರೆ ನೀರು ಅಂತಾರೆ, ಕಾಫಿ ಬೇಕಾದ್ರೆ ಕಾಫಿ ಅಂತಾರೆ. ನನ್ನ ಹೆಸರು ಯಾಕೆ ಬೇಕು. ನಿನ್ನೆಯಿಂದ ಮತ್ತೆ ‘ಇಲ್ನೋಡು’ ಶುರುವಾಗಿದೆ.”

ಲೋಟ ಹಿಡಿದು ಹೊರಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಮುರುಗೇಶಣ್ಣ, “ನೀರು,” ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಡೆದೇ ಇತ್ತು. “ಇಲ್ನೋಡು, ನೀರು,” ಎಂದರು. ಪಾತ್ರೆಯ ಸದ್ದು ನಿಂತಿತು, ನೀರು ಬರಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ರಸ್ತೆಯ ಕಡೆ ನೋಡಿದೆ. ಕೊನೆಗೆ ಧ್ವನಿ ತಗ್ಗಿಸಿ, ಪಕ್ಕದಲ್ಲಿದ್ದ ನನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ, “ಅಂಜಲೈ,” ಎಂದರು.

ನೀರು ಬಂತು. ಕೇಳಿಸಿಕೊಳ್ಳುವ ಭಾಗ ಮೆದುಳಿನ ಎರಡೂ ಪಕ್ಕದಲ್ಲಿ, ಕಿವಿಯ ಮೇಲ್ಗಡೆ ಇದೆ. ಅಕ್ಕನದು ಬಲು ಚೆನ್ನಾಗಿ ಕೆಲಸ ಮಾಡುತ್ತಿದೆ.