ಮೂವತ್ತೊಂದನೆಯ ನುಡಿಯ ಮುಂದೆ

ಇಪ್ಪತ್ತಾರು ತಲೆಗಳು ಒಮ್ಮೆಗೇ ಬಾಗಿಲ ಕಡೆ ಹೊರಳಿದವು.

ಮಸ್ಕಿಯ ಮಠದ ಪಡಸಾಲೆಯಲ್ಲಿ ಅದು ನನ್ನ ಮೊದಲ ಬೆಳಗು. ಹದಿಮೂರರಿಂದ ಹದಿನೇಳರವರೆಗಿನ ಹುಡುಗ ಹುಡುಗಿಯರು ಹಣೆ ತುಂಬ ವಿಭೂತಿ ಬಳಿದುಕೊಂಡು ಕುಳಿತಿದ್ದರು. ನಾನು ಹೆಸರು ಕೇಳುವ ಮೊದಲೇ ಕಣ್ಣು ಮುಚ್ಚಿ ಶಿವಸ್ತುತಿ ಎತ್ತಿದರು. ಎಷ್ಟು ಒಪ್ಪವಾದ ಬಾಯಿಪಾಠವೆಂದರೆ, ಈ ನೌಕರಿಯಲ್ಲಿ ಗೋಡೆಗೆ ಒರಗಿ ತೂಕಡಿಸಬಹುದು ಎಂದು ಒಳಗೊಳಗೇ ಹಿಗ್ಗಿದೆ. ಮೂವತ್ತೊಂದನೆಯ ನುಡಿ ಮುಗಿಯಿತು. ಎಲ್ಲರ ಬಾಯಿ ಒಟ್ಟಿಗೆ ನಿಂತಿತು, ಕಣ್ಣು ತೆರೆದವು, ತಲೆ ಹೊರಳಿದವು. ನಾನೂ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವರು ಮಾತ್ರ ಯಾರೋ ನಡೆದು ಬರುತ್ತಿದ್ದಾರೆ ಎಂಬಂತೆ ನೋಡುತ್ತಲೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಚಾಪೆ ಸುತ್ತಿಟ್ಟು, ನನಗೊಂದು ಶರಣು ಹೇಳಿ ಹೊರಟರು.

“ಏ, ನಿಲ್ರಿ! ಮುಂದಿನ ನುಡಿ?” ಎಂದೆ.

ಕೊನೆಗೆ ಉಳಿದಿದ್ದವಳು ಅಮರಮ್ಮನೆಂಬ ಹುಡುಗಿ. “ಮುಂದ ಇಲ್ರಿ,” ಎಂದಳು.

“ಅರವತ್ತು ನುಡಿ ಅದಾವಲ್ಲ, ತಂಗಿ.”

“ನಮಗ ಇಷ್ಟ ಅದಾವ್ರಿ.”

ನವಲಗುಂದದ ಕಡೆಯ ಬಂಧುಗಳೇ, ನಮ್ಮ ಊರುಗಳಿಂದ ಇನ್ನೂ ನಾಲ್ಕಾರು ಜನ ಈ ಸೀಮೆಗೆ ಧರ್ಮಪಾಠ ಹೇಳಲು ಹೊರಟಿದ್ದಾರೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ. ನನ್ನಿಂದ ಬುದ್ಧಿಮಾತೇ ಎಂದು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಊರಿನ ಸ್ವಾಮಿಗಳು ಹೇಗೆ ಸೀನುತ್ತಾರೆಂದು ಅವರ ಎದುರಿಗೇ ಸೀನಿ ತೋರಿಸಿದವನು ನಾನು. “ನಿನ್ನ ಬಾಯಿಗೊಂದು ಕೆಲಸ ಬೇಕು” ಎಂದು ಅವರೇ ನನ್ನನ್ನು ಇಲ್ಲಿಗೆ ಅಟ್ಟಿದರು. ಇಪ್ಪತ್ತೆರಡು ವರ್ಷದವನಿಗೆ ಅದು ಶಿಕ್ಷೆಯೋ ಬಡ್ತಿಯೋ ಇನ್ನೂ ತಿಳಿದಿಲ್ಲ.

ನಾನು ಬಂದದ್ದು ನಿಜಾಮರ ಆಡಳಿತ ಮುಗಿದ ಮೂರನೆಯ ವರ್ಷ. ನಮ್ಮಲ್ಲಿ ಎರೆಹೊಲ ಕಣ್ಣು ಹೋದಷ್ಟೂ ಮಟ್ಟಸ. ಕೂಗಿದರೆ ಕೂಗು ಹೋಗಿಯೇಬಿಡುತ್ತದೆ. ಇಲ್ಲಿ ಊರಿನ ಬೆನ್ನಿಗೇ ಬಂಡೆಗುಡ್ಡ. ಕೂಗು ಹಿಂದಿರುಗಿ ಬರುತ್ತದೆ, ಸ್ವಲ್ಪ ತಡವಾಗಿ, ಸ್ವಲ್ಪ ಬೇರೆ ಯಾರದೋ ದನಿಯಲ್ಲಿ. ಮೊದಲ ವಾರ ಬೇಸರ ತಡೆಯಲಾರದೆ ಗುಡ್ಡದ ಕೆಳಗೆ ನಿಂತು ನನ್ನ ಹೆಸರನ್ನೇ ಕೂಗಿಕೊಂಡೆ. ಬಂದ ಉತ್ತರ ಕೇಳಿದ ಮೇಲೆ ಎರಡನೆಯ ಸಲ ಕೂಗಲಿಲ್ಲ.

ಹೋಟೆಲಿನಲ್ಲಿ ಸೂಸಲ ಕೇಳಿದರೆ ಹಾಗೆಂದರೇನು ಎಂದರು. ಚುರುಮರಿ ನೆನೆಸಿ ಹಿಂಡುವುದನ್ನು ಬರಿಗೈಯಲ್ಲೇ ನಟಿಸಿ ತೋರಿಸಿದೆ. “ಓ, ಮಂಡಾಳ ಒಗ್ಗರಣಿ!” ಎಂದು ತಂದಿಟ್ಟರು. ನಮ್ಮ ಚುರುಮರಿ ಇಲ್ಲಿ ಮಂಡಾಳು. ತಿಂಗಳು ಕಳೆಯುವಷ್ಟರಲ್ಲಿ ಹೋಟೆಲಿನವನು “ನಮ್ಮ ಮಾಸ್ತರಗ ಇನ್ನೊಂದು ಮಿರ್ಚಿ ಹಾಕೋ” ಎಂದು ಒಳಗೆ ಕೂಗಿದಾಗ, ಆ ‘ನಮ್ಮ’ ಎಂಬುದಕ್ಕಾಗಿಯೇ ಬೇಡವಾಗಿದ್ದ ಮಿರ್ಚಿಯನ್ನೂ ತಿಂದೆ.

ಇಲ್ಲಿಯ ಮಕ್ಕಳು ಶಾಲೆಯಲ್ಲಿ ಉರ್ದು ಓದಿದವರು. ಒಬ್ಬ ಹುಡುಗ ಶಿವಸ್ತುತಿಯನ್ನು ಉರ್ದು ಅಕ್ಷರಗಳಲ್ಲಿ ಬಲದಿಂದ ಎಡಕ್ಕೆ ಬರೆದಿಟ್ಟುಕೊಂಡಿದ್ದ. ನಾನು ಆ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಎರಡು ಪುಟ ಮಗುಚಿ, “ಭೇಷ್” ಎಂದೆ. ತರಗತಿ ಒಂದು ವಾರ ನಕ್ಕಿತು. ಹೊಸದಾಗಿ ಬರುವವರೇ, ತಿಳಿಯದ್ದನ್ನು ತಿಳಿಯದು ಎಂದುಬಿಡಿ. ಇನ್ನೊಂದು: ಈ ವಯಸ್ಸಿನವರ ಎದುರು ದೇವರ ಪರ ವಕೀಲಿ ಮಾಡಬೇಡಿ. ತಕ್ಷಣ ಎದುರು ಪಕ್ಷ ಸೇರಿಕೊಳ್ಳುತ್ತಾರೆ.

ಬಾಗಿಲ ವಿಷಯ ಕೇಳಲು ಮಠದ ಕಾರಭಾರ ನೋಡುವ ವೀರನಗೌಡರ ಹತ್ತಿರ ಹೋದೆ. ಗೌಡರು ಮೀಸೆಯನ್ನು ಎರಡೂ ಕಡೆ ಸವರಿಕೊಂಡೇ ಮಾತು ಶುರು ಮಾಡುವವರು.

“ಪಂಪಯ್ಯ ಮಾಸ್ತರ ಅಂತ ಇದ್ದ. ನಿಜಾಮನ ಕಡೇ ಗದ್ದಲದ ವರ್ಷ ಹಿಂಗ ಮುಂಜಾನೆ ಪಾಠ ಹೇಳಾಕತ್ತಿದ್ದ. ಮೂವತ್ತೊಂದು ಮುಗಿದಿತ್ತು. ಹೊರಗ ಯಾರೋ ಕರದ್ರು. ‘ಇಲ್ಲೇ ಇರ್ರಿ, ಬಂದೆ’ ಅಂತ ಹುಡುಗರಿಗೆ ಹೇಳಿ ಹೋದ.”

“ಕರೆದವರು ಯಾರ್ರಿ?”

“ಅದನ್ನ ಈ ಊರಾಗ ಯಾರಿಗೂ ಕೇಳಬ್ಯಾಡ್ರಿ.” ಮೀಸೆಯ ಮೇಲಿನ ಕೈ ನಿಂತಿತು. “ನಿಮ್ಮ ಕೆಲಸ ಬ್ಯಾರೆ. ಶಿವರಾತ್ರಿಗೆ ದೊಡ್ಡ ಮಠದ ಸ್ವಾಮಿ ಅಜ್ಜಾರು ಬರ್ತಾರ. ಅವರ ಮುಂದ ಅರವತ್ತೂ ನುಡಿ ಆಗಬೇಕು. ಇಲ್ಲಾಂದ್ರ ನಿಮ್ಮ ಟ್ರಂಕು ನಾನ ಲಿಂಗಸುಗೂರ ಬಸ್ಸಿಗೆ ಏರಸ್ತೀನಿ.”

ನಾಲ್ಕು ತಿಂಗಳಿತ್ತು. ಮೂರು ತಿಂಗಳು ನಾನು ಮಾಡದ ಕಸರತ್ತಿಲ್ಲ. ಗೌಡರ ಮೀಸೆ ಸವರಿ ತೋರಿಸಿದೆ. ಸಿಂಧನೂರು ಬಸ್ಸಿನ ಕಂಡಕ್ಟರನಾಗಿ “ಜವಳಗೇರಾ ಇಳೀರಿ, ಕೋಳಿ ಇದ್ದಾವ್ರು ಮೊದಲ ಇಳೀರಿ” ಎಂದು ಕೂಗಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ಹೊರಳಾಡಿದರು. ಆ ನಗುವಿನ ನಡುವೆಯೇ ಮೂವತ್ತೆರಡನೆಯ ನುಡಿ ಎತ್ತಿದರೆ ಬಾಯಿಗಳು ಮುಚ್ಚುತ್ತಿದ್ದವು. ಕಣ್ಣುಗಳು ಬಾಗಿಲಿಗೆ ಹೋಗುತ್ತಿದ್ದವು. ನನ್ನ ಬೆನ್ನು ಬಾಗಿಲ ಕಡೆಗಿರುತ್ತಿತ್ತು. ಯಾರೋ ಬಂದು ನನ್ನ ಹಿಂದೆ ನಿಂತ ಹಾಗೆ ಕತ್ತು ತಣ್ಣಗಾಗುತ್ತಿತ್ತು. ಕುಳಿತುಕೊಳ್ಳುವ ಜಾಗ ಬದಲಿಸಿದೆ. ಆಗ ನಾನೂ ಬಾಗಿಲು ನೋಡಲು ಶುರು ಮಾಡಿದೆ.

“ನಾವು ಮುಂದ ಹೋದ್ರ, ಮಾಸ್ತರು ಬಂದಾಗ ನಮ್ಮನ್ನ ಎಲ್ಲಿ ಹುಡುಕಬೇಕ್ರಿ?” ಎಂದಳು ಅಮರಮ್ಮ. “ಬಸ್ಸಮ್ಮವ್ವ ಹಂಗ ಹೇಳ್ಯಾಳ್ರಿ.”

ಬಸ್ಸಮ್ಮ ಪಂಪಯ್ಯನ ತಾಯಿ. ಮಠದ ಗೋಡೆಗೆ ಅಂಟಿಕೊಂಡೇ ಅವಳ ಮನೆ. ದಿನಾ ಪಾಠದ ಹೊತ್ತಿಗೆ ಗೋಡೆಯಾಚೆ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಸ್ತುತಿಯ ಜೊತೆಗೇ ಮೊರದ ಸದ್ದೂ ಬರುತ್ತಿತ್ತು. ಹುಡುಗರು ಬಾಗಿಲು ನೋಡುವಷ್ಟು ಹೊತ್ತು ಮೊರವೂ ನಿಲ್ಲುತ್ತಿತ್ತು. ಮಗ ಬಂದು ಮುಂದಿನದನ್ನು ಹೇಳಿಕೊಡುವವರೆಗೆ ಯಾರೂ ಬಾಯಿ ಬಿಡಬಾರದೆಂಬುದು ಅವಳ ಅಪ್ಪಣೆ. ಗೌಡರ ಅಪ್ಪಣೆ ಟ್ರಂಕಿಗೆ, ಅವಳದು ಬಾಯಿಗೆ.

ಶಿವರಾತ್ರಿಗೆ ಹದಿನೆಂಟು ದಿನ ಉಳಿದಾಗ ನನಗೊಂದು ಹಾಳು ಉಪಾಯ ಹೊಳೆಯಿತು. ಅಷ್ಟರಲ್ಲಿ ನಾನು ಇಪ್ಪತ್ತಾರೂ ಮಕ್ಕಳ ದನಿಯನ್ನು ಅಣಕ ಮಾಡಿ ಮುಗಿಸಿದ್ದೆ. ಒಬ್ಬನದು ಕೀರಲು, ಒಬ್ಬಳದು ಮೂಗು. ಆದರೆ ಎಲ್ಲರ ಬಾಯಿಯಲ್ಲೂ ಒಂದೇ ರೀತಿಯ ಕೆಲವು ಎಳೆತಗಳಿದ್ದವು: ಸಾಲಿನ ಕೊನೆಯನ್ನು ನೆಲಕ್ಕೆ ತಾಗುವಷ್ಟು ಇಳಿಸುವುದು, ದೇವರ ಹೆಸರಿಗೆ ಮುನ್ನ ಚೂರು ಉಸಿರು ಹಿಡಿಯುವುದು. ಅವರವರದ್ದನ್ನು ತೆಗೆದುಹಾಕಿ ಉಳಿದದ್ದನ್ನು ಕೂಡಿಸಿದರೆ ಒಬ್ಬ ದೊಡ್ಡ ಗಂಡಸಿನ ದನಿಯಾಗುತ್ತಿತ್ತು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೂರು ದಿನ ಅದನ್ನು ಕೂಡಿಸಿದೆ. ನೋಡದ ಮನುಷ್ಯನೊಬ್ಬ ನನ್ನ ಗಂಟಲಲ್ಲಿ ಕೂತು ಅಭ್ಯಾಸ ಮಾಡಿದ.

ನಾಲ್ಕನೆಯ ಬೆಳಗು ಪಾಠ ಶುರುವಾಗುವಾಗ ಹೊರಗೆ ಹೋಗಿ ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತೆ. ಮೂವತ್ತೊಂದು ಮುಗಿಯಿತು. ಒಳಗೆ ಸದ್ದಡಗಿತು. ನಾನು ಆ ದನಿಯಲ್ಲಿ ಮೂವತ್ತೆರಡನೆಯ ನುಡಿ ಹೇಳುತ್ತ ಹೊಸಿಲು ದಾಟಿದೆ.

ನಗುತ್ತಾರೆಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿದರು. ನಾನು ಹೇಳಿದ್ದನ್ನು ಹೇಳಿದರು. ಮೂವತ್ತಮೂರು, ಮೂವತ್ತನಾಲ್ಕು. ಇಷ್ಟು ಸಾಕು, ಕೇಕೆ ಹಾಕಿ ಮುಗಿಸೋಣ ಎಂದುಕೊಂಡೆ. ದನಿ ನಿಲ್ಲಲಿಲ್ಲ. ಮೂವತ್ತೈದಕ್ಕೆ ತಾನೇ ಹೋಯಿತು. ಕೇಕೆ ಹಾಕಬೇಕಾದವನು ಎಲ್ಲೋ ಒಳಗೆ ಕುಳಿತು ಅದನ್ನು ಕೇಳುತ್ತಿದ್ದ.

ಗೋಡೆಯಾಚೆ ಮೊರ ಬಿದ್ದ ಸದ್ದಾಯಿತು.

ಬಸ್ಸಮ್ಮ ಬಾಗಿಲಿಗೆ ಬಂದಳು. ಒಳಗೆ ನೋಡಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಪಕ್ಕಕ್ಕೆ ಸರಿದು, ಮುಖ ತಗ್ಗಿಸಿ ನಿಂತಳು. ಮಗನ ಎದುರು ಯಾವ ತಾಯಿಯೂ ಹಾಗೆ ನಿಲ್ಲುವುದಿಲ್ಲ.

“ಯಾವಾಗ ಬಂದ್ರಿ?” ಎಂದಳು.

ನನ್ನ ಬಾಯಿ ಆಗ ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿ, ಹೊರಟುಹೋದಳು.

ಪಾಠ ಬಿಟ್ಟು ಅವಳ ಮನೆಗೆ ಹೋದೆ. ಅಂಗಳದಲ್ಲಿ ಚೆಲ್ಲಿದ ಜೋಳವನ್ನು ಒಂದೊಂದೇ ಆರಿಸುತ್ತಿದ್ದಳು.

“ತಪ್ಪಾತವ್ವಾ.”

“ನಿಮ್ಮ ಕಡೆ ಸತ್ತಾವ್ರನ್ನ ಹಿಂಗ ಕರೀತಾರೇನು?”

“ಇಲ್ಲವ್ವಾ. ನಮ್ಮ ಕಡೆ ಬದುಕಿದಾವ್ರನ್ನಷ್ಟ ಕಾಡತೀನಿ. ನಿನ್ನ ಮಗ ಸತ್ತಾನಂತ ನಾ ಅಂದಿಲ್ಲ.”

“ನನ್ನ ಮಗನ ಮಾತು ಯಾರು ಆಡ್ಯಾರ?” ಅವಳು ತಲೆ ಎತ್ತಲಿಲ್ಲ. “ಅದು ನಮ್ಮ ಯಜಮಾನ್ರ ದನಿ. ಅವರನ್ನ ಮಣ್ಣು ಮಾಡಿ ಹತ್ತು ವರ್ಷ ಆತು. ಪಂಪ್ಯಾ ಸ್ತುತಿ ಕಲ್ತಿದ್ದು ಅಪ್ಪನ ಬಾಯಿಂದ, ಹುಡುಗರ ಮುಂದ ಅಪ್ಪನ ಹಂಗ ಅಂತಿದ್ದ. ಮನ್ಯಾಗ ನನ್ನ ಕೂಡ ಮಾತಾಡು ದನಿ ಬ್ಯಾರೆ. ಅದು ನಿನಗ ಎಲ್ಲಿ ಸಿಗಬೇಕೋ ತಮ್ಮಾ? ಆ ಹುಡುಗರೂ ಅದನ್ನ ಕೇಳಿಲ್ಲ.”

ನಾನು ಕುಳಿತು ಜೋಳ ಆರಿಸತೊಡಗಿದೆ. ಬೇರೇನು ಮಾಡಲಿ? ನನ್ನ ಹುಷಾರಿಯಿಂದ ಮಗನನ್ನು ತರಲು ಹೋಗಿ, ಸಮಾಧಿಯಿಂದ ಗಂಡನನ್ನು ಎಬ್ಬಿಸಿಕೊಂಡು ಬಂದಿದ್ದೆ.

“ಗೌಡ ನಿನ್ನ ಕಳಸ್ತಾನಂತ?”

“ಹೂಂ. ಶಿವರಾತ್ರಿ ಮುಗಿದ ಮರುದಿನ.”

ಅವಳು ಆರಿಸಿದ ಜೋಳವನ್ನು ಮೊರಕ್ಕೆ ಸುರಿದಳು. “ನೀ ಆ ನಾಕು ನುಡಿ ಅನ್ನೂವಷ್ಟು ಹೊತ್ತು ನನಗ ಮಗನ ನೆನಪ ಇರಲಿಲ್ಲ,” ಎಂದಳು. “ಮೂರು ವರ್ಷದಾಗ ಮೊದಲನೇ ಸಲ ಮರತೆ. ಅವನ ಜಾಗಾ ತುಂಬಿಬಿಟ್ಟಂಗಾತು. ಅದು ಬ್ಯಾಡ. ನೀ ಕಲಸೂದಾದ್ರ ಕಲಸು. ಆದ್ರ ನಿನ್ನ ದನ್ಯಾಗ ಕಲಸು. ನಮ್ಮದು ಎಲ್ಲಿತನಕ, ನಿಂದು ಎಲ್ಲಿಂದ, ಗ್ವಾಡಿ ಆಚೆ ಕುಂತ್ರ ನನಗ ತಿಳೀಬೇಕು. ಅವ ಬಂದ್ರ ಅವನಿಗೂ ತಿಳೀಬೇಕು.”

ಅದು ಗೌಡರ ಅಪ್ಪಣೆಗಿಂತ ಕಷ್ಟದ್ದಾಗಿತ್ತು. ಮರುದಿನ ಹುಡುಗರ ಎದುರು ಬಾಯಿ ತೆರೆದರೆ ಗೌಡರು ಬಂದರು. ಮತ್ತೆ ತೆರೆದರೆ ಕಂಡಕ್ಟರ್ ಬಂದ. ಊರಿನ ಸ್ವಾಮಿಗಳು ಬಂದು ಸೀನಿದರು. ಎಲ್ಲರೂ ಬಂದು ಹೋದ ಮೇಲೆ, ಯಾರನ್ನೂ ಕರೆಯದೆ ಸುಮ್ಮನೆ ಕುಳಿತಾಗ, ನಮ್ಮವ್ವ ನಸುಕಿನಲ್ಲಿ ಬೀಸುತ್ತ ಸ್ತುತಿ ಹೇಳುವ ಧಾಟಿ ಬಂತು. ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಸಾಲು. ಸಾಲಿನ ಕೊನೆ ಕೆಳಗಿಳಿಯದೆ ಮೇಲೆ ಜಿಗಿಯುತ್ತದೆ. ಅದರಲ್ಲೇ ನಾನು ಕಲಿತದ್ದು. ಅದು ನನ್ನದೆಂದು ಆವರೆಗೆ ಗೊತ್ತಿರಲಿಲ್ಲ.

“ಮಾಸ್ತರ, ಇದು ಬೀಸೂ ಹಾಡಿನಂಗ ಐತ್ರಿ!” ಎಂದು ಅಮರಮ್ಮ ನಕ್ಕಳು. ಆದರೆ ಬಸ್ಸಮ್ಮ ಅವಳಿಗೆ ಮೊದಲೇ ಒಪ್ಪಿಗೆ ಹೇಳಿ ಕಳಿಸಿದ್ದಳು. ಬಾಯಿ ತೆರೆದಳು. ಉಳಿದವರೂ ತೆರೆದರು.

ಹೊಸಬರೇ, ಬಂದ ದಿನವೇ ತಿದ್ದಲು ಹೋಗಬೇಡಿ. ಮಕ್ಕಳು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಯಾರು ನಿಂತಿದ್ದಾರೆಂದು ಕೇಳಿಕೊಳ್ಳಿ. ನನಗೆ ಗೊತ್ತಿರುವುದು ಇಷ್ಟೇ.

ಶಿವರಾತ್ರಿಯ ಸಂಜೆ ದೊಡ್ಡ ಮಠದ ಸ್ವಾಮಿಗಳ ಎದುರು ಇಪ್ಪತ್ತಾರು ಮಂದಿ ನಿಂತರು. ಮೂವತ್ತೊಂದರವರೆಗೆ ಆ ಗಂಡಸು ದನಿ, ನೆಲಕ್ಕಿಳಿಯುವ ಸಾಲುಗಳು. ಆಮೇಲೆ ನಿಂತರು. ತಲೆಗಳು ಬಾಗಿಲಿಗೆ ಹೊರಳಿದವು. ಸ್ವಾಮಿಗಳೂ ಹೊರಳಿ ನೋಡಿದರು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಎತ್ತಿದಾಗ ಬೇರೆಯೇ ಇಪ್ಪತ್ತಾರು ಜನ ಬಂದು ನಿಂತ ಹಾಗಿತ್ತು. ಯಾರಿವರು ಎಂದು ನಾನೂ ತಲೆ ಎತ್ತಿ ನೋಡಿದೆ, ಕಲಿಸಿದವನು ನಾನೇ ಆಗಿದ್ದರೂ.

ಅರವತ್ತು ಮುಗಿಯಿತು. ಸ್ವಾಮಿಗಳು ಕೇಳಿದರು: “ಇವರಿಗೆ ಇಬ್ಬರು ಮಾಸ್ತರರೇನು?”

ಗೌಡರ ಕೈ ಮೀಸೆಗೆ ಹೋಯಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಬಸ್ಸಮ್ಮ ಎದ್ದಳು.

“ಹೌದ್ರಿ. ಒಬ್ಬಾವ ಹೊರಗ ಹೋಗ್ಯಾನ.”

ಸ್ವಾಮಿಗಳು ತಲೆಯಾಡಿಸಿದರು. ಗೌಡರು ನನ್ನ ಟ್ರಂಕು ಮುಟ್ಟಲಿಲ್ಲ.

ಇದಾಗಿ ಮೂರು ವರ್ಷ. ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದಾರೆ. ಈ ಸೀಮೆ, ನಮ್ಮ ಸೀಮೆ ಸೇರಿ ಒಂದೇ ರಾಜ್ಯವಾಗುವ ಮಾತೂ ನಡೆದಿದೆ. ಆಗಲಿ. ಹೋದ ಬೇಸಿಗೆಯ ರಜೆಯಲ್ಲಿ ಊರಿಗೆ ಬಂದಿದ್ದೆ. ಬೆಳಿಗ್ಗೆ ಪೂಜೆಗೆ ಕುಳಿತು ಸ್ತುತಿ ಹೇಳಿದೆ, ಅರವತ್ತೂ ನುಡಿ, ಮಸ್ಕಿಯಲ್ಲಿ ಹೇಳುವ ಹಾಗೆಯೇ. ನಮ್ಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು.

“ಮದಲಿಂದು ಭಾಳ ಚಂದ ಅಂದಿ,” ಎಂದಳು. “ಆಮ್ಯಾಲಿಂದು ಯಾರದೋ ಅಣಕ ಮಾಡಿದಂಗ ಕೇಳ್ತು. ಯಾರದೋ ಅದು?”

ನಿನ್ನದೇ ಎನ್ನಲು ಬಾಯಿ ಬರಲಿಲ್ಲ. “ಮಸ್ಕ್ಯಾಗ ಒಬ್ಬ ಮಾಸ್ತರ ಇದ್ದಾನವ್ವಾ, ಅವಂದು.”

“ಚಲೋ ಇದ್ದಾನೇನು ಅವ, ಪಾಪ?”

“ಇದ್ದಾನ. ಊರು ಭಾಳ ನೆನಸ್ತಾನ.”

“ಯಾವ ಊರು?”

ಅವಳು ಮುಂದಿನ ರೊಟ್ಟಿ ಬಡಿಯಲು ಶುರು ಮಾಡಿದ್ದಳು. ನಾನು ಕೊಟ್ಟ ಉತ್ತರ ಆ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ನನಗೂ ಸರಿಯಾಗಿ ಕೇಳಲಿಲ್ಲ.